ತೆರೆದಿದ್ದ ಗೇಟು, ಬೀಗ ಹಾಕಿದ ಗೇಟು

ಇಂಗ್ಲೆಂಡಿಗೆ ಹೋಗಿ ನಾನು ಮಾಡಿದ ಘನಕಾರ್ಯ ಏನು ಗೊತ್ತೇ? ಒಂದು ಹಿಂಡು ಕುರಿಗಳಿಗೆ ಅರ್ಧ ದಿನ ಕುಡಿಯಲು ನೀರಿಲ್ಲದಂತೆ ಮಾಡಿದ್ದು!

ಕಳೆದ ಆಗಸ್ಟಿನ ಮಾತು. ತಂಗಿ ಸುಮನಾ ಯಾರ್ಕ್‌ಶೈರ್ ಕಡೆ ನರ್ಸ್. "ಹೋಟೆಲೆಲ್ಲ ಬ್ಯಾಡ ಅಕ್ಕ, ಟೆಂಟ್ ಹಾಕ್ಕಂಡು ಸುತ್ತಾಡಣ" ಎಂದು ಫೋನಿನಲ್ಲಿ ಮೊದಲೇ ಹೇಳಿದ್ದಳು. ಐವತ್ತೆರಡರಲ್ಲಿ ಟೆಂಟು! ಹೊಸನಗರದಿಂದ ಹೊರಡುವಾಗಲೇ ಬ್ಯಾಗಿಗೊಂದು ಉಪ್ಪಿನ ಗಂಟು ಹಾಕಿಕೊಂಡೆ, ಕಾಡಿನ ಜಿಗಣೆ, ಅದೇ ನಮ್ಮ ಉಂಬಳ, ಕಚ್ಚಿದರೆ ಬೇಕಲ್ಲ. (ಅಲ್ಲಿ ಮೂರು ದಿನ ಹುಡುಕಿದರೂ ಒಂದು ಉಂಬಳ ಕಾಣಲಿಲ್ಲ.)

ಮೊದಲ ದಿನ ಕಡಲಂಚಿನ ಕಡಿದಾದ ಗುಡ್ಡದ ಮೇಲೆ ಟೆಂಟು. ಅಲ್ಲಿಯ ಗಾಳಿ ನನ್ನ ಶಾಲನ್ನು ಹಾರಿಸಿಕೊಂಡು ಹೋಯಿತು. ಮರುದಿನ ಕಣ್ಣು ಹಾಯುವಷ್ಟು ದೂರ ನೇರಳೆ ಹೂವಿನ ಬಯಲು, ಹೆಸರಿಗೊಂದು ಮರವಿಲ್ಲ. ಮೂರನೆಯ ದಿನ ಹಸಿರು ಗುಡ್ಡ, ಗಾರೆಯಿಲ್ಲದೆ ಕಟ್ಟಿದ ಕಲ್ಲಿನ ಪಾಗಾರ, ಎಲ್ಲಿ ನೋಡಿದರೂ ಕುರಿ. ಒಂದೇ ಸೀಮೆಯಲ್ಲಿ ಇಷ್ಟೆಲ್ಲ ಕಂಡೆನಲ್ಲ ಎಂದು ಮನಸ್ಸು ತುಂಬಿತು. ಮಳೆಯೊಂದನ್ನು ಬಿಟ್ಟು. ಆಗುಂಬೆ ಕಂಡವರಿಗೆ ಅದೂ ಒಂದು ಮಳೆಯೇ?

ಆದರೆ ನಾನು ನಿಜಕ್ಕೂ ಬೆರಗಾದದ್ದು ಕಾಲುದಾರಿಗೆ. ಯಾರದೋ ಸ್ವಂತ ಹುಲ್ಲುಗಾವಲಿನ ನಡುವೆಯೇ ಹೋಗುತ್ತದೆ. ಯಾರು ಬೇಕಾದರೂ ನಡೆಯಬಹುದು. ಹಾಗೆಂದು ಬೋರ್ಡೇ ಇದೆ!

ಆ ಮೂರನೆಯ ಬೆಳಿಗ್ಗೆ ಅಂಥದ್ದೊಂದು ದಾರಿಯಲ್ಲಿ ಗೇಟು ಪೂರ್ತಿ ತೆರೆದಿತ್ತು. ಅಯ್ಯೋ, ಯಾರಪ್ಪ ಈ ಬೇಜವಾಬ್ದಾರಿ ಜನ? ನಮ್ಮಲ್ಲಿ ಬೇಲಿಯ ಬಾಯಿಗೆ ಅಡ್ಡ ಹಾಕಿದ ದಣಪೆಯ ಬಿದಿರು ಗಳು ಸರಿಸಿ ದಾಟಿದವರು ಮತ್ತೆ ಹಾಕದಿದ್ದರೆ ದನ ನುಗ್ಗಿ ಗದ್ದೆ ನುಣ್ಣಗೆ ಮಾಡುತ್ತವೆ. "ದಣಪೆ ಹಾಕ್ದೆ ಬಂದ್ರೆ ಊಟ ಇಲ್ಲ ನೋಡು" ಎಂದು ಅಪ್ಪ ಗದರಿಸಿ ಬೆಳೆಸಿದ ಮಗಳು ನಾನು. ಸುಮನಾ ಮುಂದೆ ಹೋಗಿದ್ದಳು. ಗೇಟು ಎಳೆದು ಚಿಲಕ ಹಾಕಿದೆ. ಪುಣ್ಯ ಕಟ್ಟಿಕೊಂಡವಳಂತೆ ನಡೆದೆ.

ಮಧ್ಯಾಹ್ನ ಅದೇ ದಾರಿಯಲ್ಲಿ ಮರಳಿದರೆ, ಉರಿಬಿಸಿಲಿನಲ್ಲಿ ಕುರಿಗಳು ಗೇಟಿಗೆ ಒತ್ತಿಕೊಂಡು ಏದುಸಿರು ಬಿಡುತ್ತಿವೆ. ಅವುಗಳ ನೀರಿನ ತೊಟ್ಟಿ ಗೇಟಿನ ಈಚೆ, ನಾವಿದ್ದ ಕಡೆ ಇತ್ತು! ಅಷ್ಟರಲ್ಲಿ ಮೊಣಕಾಲುದ್ದ ಬೂಟು ಹಾಕಿದ ಅಜ್ಜಿಯೊಬ್ಬರು ಧಾವಿಸಿ ಬಂದರು. ಆ ಜಾಗದ ಒಡತಿ. ಗೇಟು ತೆರೆದದ್ದೇ ಕುರಿಗಳು ತೊಟ್ಟಿಗೆ ಮುಗಿಬಿದ್ದವು. ಒಂದು ಮುದಿ ಕುರಿ ಮಾತ್ರ ಮಲಗಿದಲ್ಲಿಂದ ಏಳಲಿಲ್ಲ.

ಅಜ್ಜಿ ಬಕೆಟಿನಲ್ಲಿ ನೀರು ತಂದು ಅದರ ಬಾಯಿಗೆ ಹಿಡಿದರು. ಸತ್ತೇಹೋದರೆ? ಬಹಳ ಹೊತ್ತಿನ ಮೇಲೆ ಅದು ಕಾಲೂರಿ ಎದ್ದಿತು. ನನಗೆ ಅಳುವೇ ಬಂತು.

"ಮುಚ್ಚಿದ್ದು ನಾನೇ" ಎಂದೆ. ಸುಮನಾ ಇಂಗ್ಲಿಷಿನಲ್ಲಿ ದಣಪೆಯ ಕಥೆಯನ್ನೆಲ್ಲ ವಿವರಿಸಿದಳು.

"ನಿಮ್ಮಪ್ಪ ಹೇಳಿದ್ದು ನಿಮ್ಮೂರಿಗೆ ಸರಿ. ಇಲ್ಲಿ ಗೇಟು ಹೇಗಿರುತ್ತದೋ ಹಾಗೇ ಬಿಟ್ಟು ಹೋಗಬೇಕು" ಎಂದರು ಅಜ್ಜಿ.

"ಇನ್ನು ಈ ದಾರಿ ಬಂದ್ ಮಾಡ್ತೀರಾ?" ನಾಚುತ್ತಲೇ ಕೇಳಿದೆ.

ಅವರು ನಕ್ಕರು. "ಒಬ್ಬರು ತಪ್ಪು ಮಾಡಿದರೆಂದು ಎಲ್ಲರ ದಾರಿ ಮುಚ್ಚುವುದೇ?"

ಸಂಜೆ ನಮ್ಮ ಟೆಂಟಿಗೆ ಆರು ಮೊಟ್ಟೆ ತಂದುಕೊಟ್ಟರು. ಬೇಯಿಸಿ ತಿಂದೆವು, ಉಪ್ಪಿನ ಗಂಟು ಬಿಚ್ಚಿ. ಆದರೆ ಅವರ ಮಾತು ಗಂಟಲಲ್ಲೇ ಉಳಿಯಿತು.

ಯಾಕೆಂದರೆ, ನಮ್ಮ ಕೆಳಮನೆಯ ನಾಗವೇಣಕ್ಕ ಬಸ್ಸಿಗೆ ಹೋಗುತ್ತಿದ್ದದ್ದು ನಮ್ಮ ಜಮೀನಿನ ಅಂಚಿನಲ್ಲೇ. ಎರಡು ವರ್ಷದ ಹಿಂದೆ ಒಮ್ಮೆ, ಒಂದೇ ಒಂದು ಸಲ, ದಣಪೆ ಹಾಕಲು ಮರೆತರು. ದನ ನುಗ್ಗಿ ನನ್ನ ಬಸಳೆ ಚಪ್ಪರ ಮುಕ್ಕಿತು. ಸಿಟ್ಟಿಗೆ ದಣಪೆ ಕಿತ್ತು ಕಬ್ಬಿಣದ ಗೇಟು ಇಡಿಸಿದೆ, ಬೀಗ ಜಡಿದೆ. ಅಂದಿನಿಂದ ಅವರು ಮಂಡಿನೋವಿನಲ್ಲೇ ಗುಡ್ಡ ಸುತ್ತಿ ಹೋಗುತ್ತಿದ್ದಾರೆ.

ಊರಿಗೆ ಬಂದ ಮರುದಿನವೇ ಬೀಗ ತೆಗೆದೆ. ನಾಗವೇಣಕ್ಕ ಗೇಟಿನಾಚೆ ನಿಂತು ನೋಡಿದರು.

"ಎಂತ ಮಾರಾಯ್ತಿ, ನಾ ಮತ್ತೆ ಮರ್ತ್ರೆ?"

"ನಾನೇ ಬಂದು ಹಾಕ್ತೀನಿ ಅಕ್ಕ, ನೀವು ಹೋಗಿ."

ಅಜ್ಜಿಗೆ ನನ್ನ ದೊಡ್ಡ ನಮಸ್ಕಾರ. ಅಲ್ಲ, ಬೀಗದ ಕೀಲಿಕೈ ಎರಡು ವರ್ಷ ನಮ್ಮನೆ ಮೊಳೆಯಲ್ಲೇ ನೇತಾಡುತ್ತಿತ್ತು. ಅದನ್ನು ಕೈಗೆತ್ತಿಕೊಳ್ಳಲು ನಾನು ಇಂಗ್ಲೆಂಡಿನವರೆಗೆ ಹೋಗಬೇಕಿತ್ತೇ?