ಹನೋಯ್‌ನಲ್ಲಿ ರಸ್ತೆ ದಾಟಿದ ಸೋಮಲಿಂಗಪ್ಪ

ಅಮೆರಿಕದ ಶ್ಯಾಂಟಿಲಿಯಲ್ಲಿ ಯಾರು ಊಟಕ್ಕೆ ಕರೆದರೂ ಸೋಮಲಿಂಗಪ್ಪನವರು ಮೊದಲ ತುತ್ತಿಗೇ ವಿಯೆಟ್ನಾಮಿಗೆ ಹೊರಟುಬಿಡುತ್ತಾರೆ. "ಹನೋಯ್‌ದಾಗ ಇಳದ ದಿನಾನ ಎದಿ ಧಸಕ್ ಅಂತು ನೋಡ್ರಿ! ಸ್ಕೂಟರ್ ಅಂದ್ರ ಸ್ಕೂಟರ್, ಇರುವಿ ಸಾಲು! ಒಬ್ರೂ ನಿಲ್ಲಂಗಿಲ್ಲ!" ಎನ್ನುವಾಗ ಪಲ್ಯದ ಬಟ್ಟಲು, ಉಪ್ಪಿನಕಾಯಿ ಬಾಟಲಿ, ಪಕ್ಕದವರ ಲೋಟ ಎಲ್ಲವೂ ಸ್ಕೂಟರುಗಳಾಗಿ ಮೇಜಿನ ಮೇಲೆ ಓಡಾಡುತ್ತವೆ. ಹುಬ್ಬಳ್ಳಿಯ ದುರ್ಗದಬೈಲಿನ ಸಂದಣಿಯಲ್ಲಿ ಸೈಕಲ್ ಹೊಡೆದು ಬೆಳೆದ ಮನುಷ್ಯ, ಇಪ್ಪತ್ತು ವರ್ಷದ ಅಮೆರಿಕದ ಅಭ್ಯಾಸಬಲದಿಂದ, ಅಲ್ಲಿನ ಲೈಟ್ ಕಂಬದಲ್ಲಿ ರಸ್ತೆ ದಾಟಲು ಒತ್ತುವ ಗುಂಡಿಗಾಗಿ ತಡಕಾಡಿದ್ದರು. ಪ್ರತಿ ಸಲ ಹೇಳುವಾಗಲೂ ಸ್ಕೂಟರುಗಳು ಇನ್ನೊಂದು ನೂರು ಹೆಚ್ಚುತ್ತವೆ. "ಕಡೀಕೆ ಇಬ್ರೂ ದಾಟಿದ್ವಿ" ಎಂದು ಕತೆ ಮುಗಿಯುವ ಹೊತ್ತಿಗೆ ಸರಿಯಾಗಿ ಹೆಂಡತಿ ಶ್ರೀದೇವಿ ನೀರು ತರಲು ಎದ್ದುಹೋಗುತ್ತಾರೆ. ಆವತ್ತು ನಡುರಸ್ತೆಯಲ್ಲಿ ಆಕೆಯ ಕೈ ಕೊಡವಿ ತಾವೊಬ್ಬರೇ ಹಿಂದಕ್ಕೆ ಓಡಿದ್ದನ್ನು, ಹಣ್ಣು ಮಾರುವ ಮುದುಕಿಯೊಬ್ಬಳು ಬಂದು ಆಕೆಯನ್ನು ದಾಟಿಸಿದ್ದನ್ನು ಸೋಮಲಿಂಗಪ್ಪನವರು ಇದುವರೆಗೆ ಯಾರಿಗೂ ಹೇಳಿಲ್ಲ. ಊಟ ಮುಗಿಸಿ ಹೊರಟಾಗ, ಒಂದೂ ವಾಹನವಿಲ್ಲದ ಬೀದಿಯಲ್ಲಿ ಕಾರಿನವರೆಗೂ ಹೆಂಡತಿಯ ಮಣಿಕಟ್ಟು ಹಿಡಿದೇ ನಡೆಯುತ್ತಾರೆ. "ಕೈ ನೋಯಾಕತ್ತೇತಿ, ಬಿಡ್ರಿ" ಎಂದರೂ ಬಿಡುವುದಿಲ್ಲ.