ಸಾಲ ಕೊಟ್ಟವರು ಕೇಳಿದ ಪ್ರಶ್ನೆ

"ವಿಮೆ ರೊಕ್ಕದಾಗ ಮೊದಲ ನನ್ನ ಬಾಕಿ ಮುರಕೊಂಡು, ಉಳಿದದ್ದು ಒಳಗ ಕೊಡ್ರಿ" ಎಂದರು ಸಂಗಣ್ಣ, ನಾನು ಮೆಹಬೂಬನ ಮನೆಯ ಹೊಸ್ತಿಲು ದಾಟುವ ಮುನ್ನವೇ. ಇಂಡಿಯಲ್ಲಿ ಅವರದು ಟೈರ್ ಅಂಗಡಿ. ಅಗರಖೇಡಕ್ಕೆ ಟೆಂಪೊ ಓಡಿಸುತ್ತಿದ್ದ ಮೆಹಬೂಬ ಅವರಲ್ಲಿ ಉದ್ರಿ ಉಳಿಸಿ ಹಠಾತ್ತನೆ ತೀರಿಕೊಂಡಿದ್ದ. ಅವನಿಗೆ ಪಾಲಿಸಿ ಮಾಡಿಸಿದ ಏಜೆಂಟ್ ನಾನೇ.

ಗಂಡ ತೀರಿದ ಮೇಲೆ ಮನೆಯಲ್ಲೇ ಇದ್ದು ಪಾಲಿಸುವ ಇದ್ದತ್ತಿನಲ್ಲಿದ್ದ ಅವನ ಹೆಂಡತಿ ಶಮೀಮ್ ಹೊರಗಿನ ಗಂಡಸರೆದುರು ಬರುವಂತಿರಲಿಲ್ಲ. ಪರದೆಯ ಹಿಂದೆ ಕುಳಿತು ಕೇಳುತ್ತಿದ್ದಳು. ನಾನು ಸಂಗಣ್ಣನವರಿಗೆ ಇದ್ದದ್ದನ್ನು ಹೇಳಿದೆ. ಮೆಹಬೂಬ ಈ ಪಾಲಿಸಿಯನ್ನು ಮಾಡಿಸುವಾಗಲೇ ವಿವಾಹಿತ ಸ್ತ್ರೀಯರ ಆಸ್ತಿ ಕಾಯ್ದೆಯಡಿ ಹೆಂಡತಿ ಮಕ್ಕಳಿಗೆಂದು ಬರೆಸಿದ್ದಾನೆ. ಹಣ ಅವನ ಆಸ್ತಿಗೆ ಸೇರುವುದೇ ಇಲ್ಲ, ಸಾಲ ಕೊಟ್ಟವರು ಮುಟ್ಟುವಂತಿಲ್ಲ.

"ಹಂಗಾರ ನಾ ಮುಳುಗಿದೆ ಅನ್ರಿ" ಎಂದರು.

ಪರದೆಯ ಹಿಂದಿನಿಂದ ಶಮೀಮ್ ಮೊದಲ ಸಲ ಮಾತಾಡಿದಳು: "ಟೆಂಪೊ ಮಾರ್ತೇವ್ರಿ ಅಣ್ಣಾರ. ಅದು ಅವರದು, ಅದರಾಗ ನಿಮ್ಮ ಬಾಕಿ ಮುರಕೊಳ್ರಿ. ಈ ರೊಕ್ಕ ಹುಡುಗ್ಯಾರದು."

ಸಂಗಣ್ಣ ಅಂಗಳದಲ್ಲಿದ್ದ ಟೆಂಪೊವನ್ನೂ ಅದಕ್ಕೆ ತಾವೇ ಹಾಕಿಕೊಟ್ಟ ಟೈರುಗಳನ್ನೂ ನೋಡಿದರು. ಚಹಾ ಬಂತು, ಕುಡಿದರು. ಹೊರಡುವಾಗ ನನ್ನನ್ನು ಬದಿಗೆ ಕರೆದು ದನಿ ತಗ್ಗಿಸಿದರು: "ನನಗೂ ಸಾಲ ಕೊಟ್ಟವ್ರು ಅದಾರ್ರಿ. ನಮ್ಮ ಮನಿಯಾಕಿಗೂ ಹಿಂಗ ಮಾಡಸಾಕ ಬರ್ತೈತೇನು?"

ಮರುವಾರ ಅವರ ಅರ್ಜಿ ತುಂಬಿಸಿದೆ. ಸಹಿ ಮಾಡುವ ಮುನ್ನ ಅವರು ನನ್ನಿಂದ ಒಂದೇ ಮಾತು ತೆಗೆದುಕೊಂಡರು: ಶಮೀಮಳ ಮನೆಯಲ್ಲಿ ತಮಗೆ ಹೇಳಿದ್ದನ್ನೇ, ಮುಂದೊಂದು ದಿನ ತಾವಿಲ್ಲದಾಗ ಬಾಕಿ ಕೇಳಿ ತಮ್ಮ ಮನೆಬಾಗಿಲಿಗೆ ಬಂದವರಿಗೂ ನಾನು ಹೇಳಬೇಕು.