ಮೂತಿಚಕ್ರದ ಅನಂತರಾಜಯ್ಯ

ಅನಂತರಾಜಯ್ಯನವರು ಮನುಷ್ಯರ ಮುಖ ನೋಡುವ ಮೊದಲು ಅವರು ಬಂದ ಗಾಡಿಯ ಮುಂದಿನ ಚಕ್ರ ನೋಡುತ್ತಿದ್ದರು. ಬೆಳಿಗ್ಗೆ ಬಿಳಿ ಪಂಚೆ, ಅರ್ಧ ತೋಳಿನ ಅಂಗಿ ತೊಟ್ಟು ಚನ್ನರಾಯಪಟ್ಟಣದ ಆಟೋ ನಿಲ್ದಾಣಕ್ಕೆ ಬಂದರೆಂದರೆ ಡ್ರೈವರುಗಳಲ್ಲಿ ನಗು ಏಳುತ್ತಿತ್ತು.

“ಏರೋಪ್ಲೇನ್ ಅಯ್ನೋರು ಬಂದ್ರು ಕಣ್ರಲಾ, ಚಕ್ರ ತೊಳ್ಕಳಿ!”

ಅವರಿಗೆ ಬೇಸರವಿಲ್ಲ. ಪಂಚೆ ಎತ್ತಿ ಕಟ್ಟಿ, ಆಟೋದ ಮುಂದೆ ಕುಕ್ಕರುಗಾಲಲ್ಲಿ ಕೂತು, ಹ್ಯಾಂಡಲ್ಲನ್ನು ಎಡಕ್ಕೂ ಬಲಕ್ಕೂ ತಿರುಗಿಸಲು ಹೇಳಿ, ಆ ಒಂಟಿ ಚಕ್ರವನ್ನು ನೋಡುತ್ತಿದ್ದರು. “ಬುಷ್ ಸವೆದಿದೆ ಕಣಯ್ಯ. ಹಾಸನದ ರೋಡಲ್ಲಿ ಒಂದು ಕಡೆಗೆ ಎಳೀತದೆ. ಇವತ್ತೇ ಬದಲಾಯಿಸು” ಎನ್ನುತ್ತಿದ್ದರು. ಅವರು ಹೇಳಿದ್ದು ಸುಳ್ಳಾದದ್ದನ್ನು ಯಾರೂ ಕಂಡಿರಲಿಲ್ಲ. ಆದರೆ ಯಾರಾದರೂ “ನೀವೇ ಒಂಚೂರು ಬಿಗಿ ಮಾಡ್ಕೊಡಿ ಸಾ, ಏರೋಪ್ಲೇನ್ ರಿಪೇರಿ ಮಾಡಿದ್ ಕೈ” ಎಂದು ಸ್ಪ್ಯಾನರ್ ಚಾಚಿದರೆ ಸಾಕು, ಎದ್ದು ನಿಂತುಬಿಡುತ್ತಿದ್ದರು. ಎರಡೂ ಕೈ ಬೆನ್ನ ಹಿಂದೆ ಹೋಗುತ್ತಿದ್ದವು.

“ಕಣ್ಣು ನಂದಿರಲಿ. ಕೈ ಮೆಕ್ಯಾನಿಕ್‌ದಿರಲಿ.”

ಆ ಕೈಗಳು ಯಾಕೆ ಬೆನ್ನ ಹಿಂದೆ ಹೋಗುತ್ತಿದ್ದವು ಎಂಬುದು ಆ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಅವುಗಳನ್ನು ಅಲ್ಲಿಗೆ ಕಳಿಸಿದವನು ನಾನೇ.

ನಾನು ಶಾಂತಿಗ್ರಾಮದ ಜವರಪ್ಪ. ಎಸ್ಸೆಸ್ಸೆಲ್ಸಿ ಮುಗಿಸಿ, ಲಾರಿ ಓಡಿಸಿ, ಆಮೇಲೆ ಬೆಂಗಳೂರಿನ ಒಂದು ಸಣ್ಣ ವಿಮಾನ ಕಂಪನಿಯಲ್ಲಿ ಟ್ರ್ಯಾಕ್ಟರ್ ಡ್ರೈವರ್ ಆಗಿದ್ದೆ. ರಿಪೇರಿ ಷೆಡ್ಡಿನಿಂದ ವಿಮಾನಗಳನ್ನು ಎಳೆದು ಹೊರಗೆ ನಿಲ್ಲಿಸುವುದು, ಹೊರಗಿನದನ್ನು ಒಳಗೆ ನೂಕುವುದು ನನ್ನ ಕೆಲಸ. ಅನಂತರಾಜಯ್ಯನವರು ಅಲ್ಲಿ ಇನ್‌ಸ್ಪೆಕ್ಟರ್. ಅವರು ಸಹಿ ಹಾಕದೆ ಯಾವ ವಿಮಾನವೂ ಮೇಲೇಳುವಂತಿರಲಿಲ್ಲ. ಚನ್ನರಾಯಪಟ್ಟಣದ ಕಡೆಯ ಜೈನರು. ನನ್ನ ಮಾತು ಕೇಳಿದ ಮೊದಲ ದಿನವೇ “ನಮ್ಮ ಕಡೆಯೋನು” ಎಂದು ಬೆನ್ನು ತಟ್ಟಿದ್ದರು.

ಅವರ ಜೇಬಿನಲ್ಲಿ ಒಂದು ಸಣ್ಣ ಕನ್ನಡಿ ಇರುತ್ತಿತ್ತು, ಕಡ್ಡಿಯ ತುದಿಗೆ ಸಿಕ್ಕಿಸಿದ್ದು. ವಿಮಾನದ ಮೂತಿಯ ಕೆಳಗೆ ನುಸುಳಿ ಆ ಕನ್ನಡಿಯನ್ನು ಸಂದುಗಳಲ್ಲಿ ತೂರಿಸಿ ನೋಡುತ್ತಾ ಕೂತರೆ ಹೊತ್ತು ಹೋದದ್ದು ಅವರಿಗೆ ತಿಳಿಯುತ್ತಿರಲಿಲ್ಲ. “ಹಿಂದಿನ ಚಕ್ರಗಳು ಎತ್ತಿನ ಹಾಗೆ, ಭಾರ ಹೊರ್ತವೆ ಅಷ್ಟೆ. ಈ ಮೂತಿಚಕ್ರ ಇದೆಯಲ್ಲ, ಇದಕ್ಕೆ ದಾರಿ ಗೊತ್ತಿರಬೇಕು. ಆ ವೇಗದಲ್ಲಿ ನೆಲ ಮುಟ್ಟಿದಾಗ ಇದು ತಾನೇ ತಿರುಗಿಬಿಟ್ಟರೆ ಮೇಲೆ ಕೂತಿರೋ ಪೈಲಟ್ ಏನು ಮಾಡ್ತಾನೆ ಹೇಳು?” ಎಂದು ನನ್ನಂಥವನಿಗೂ ಬಿಡಿಸಿ ಹೇಳುತ್ತಿದ್ದರು.

ಒಂದು ಸಲ ಹಾಗೇ ಆಗಿತ್ತಂತೆ, ಬೇರೆ ಯಾವುದೋ ದೇಶದಲ್ಲಿ. ನಮ್ಮಲ್ಲಿದ್ದಂಥದೇ ವಿಮಾನ ಇಳಿಯುವಾಗ ಮೂತಿಚಕ್ರ ತಾನಾಗಿ ಪಕ್ಕಕ್ಕೆ ಹೊರಳಿತ್ತು. ಚಕ್ರ ಎಷ್ಟು ತಿರುಗಿದೆ ಎಂದು ಮೇಲಿನ ಯಂತ್ರಕ್ಕೆ ತಿಳಿಸುವ ಗೇಣುದ್ದದ ಕೊಂಡಿಯೊಂದು ಸಡಿಲವಾಗುತ್ತದೆ ಎಂದು ಕಂಡುಹಿಡಿದರು. ಆ ಜಾತಿಯ ಎಲ್ಲ ವಿಮಾನಗಳಿಗೂ ಹಳೆಯ ಕೊಂಡಿ ತೆಗೆದು ಹೊಸದು ಹಾಕಬೇಕು, ಹಾಕುವ ತನಕ ಹಾರಿಸಕೂಡದು ಎಂದು ಆದೇಶ ಬಂತು. ಕಂಪನಿಯ ಮ್ಯಾನೇಜರು ತಲೆ ಚಚ್ಚಿಕೊಂಡ. “ನಮ್ಮ ವಿಮಾನಕ್ಕೆ ಏನೂ ಆಗಿಲ್ಲವಲ್ಲ ಸಾರ್, ಎಲ್ಲೋ ಯಾರಿಗೋ ಆದದ್ದಕ್ಕೆ ನಾವ್ಯಾಕೆ ನಿಲ್ಲಿಸಬೇಕು?” ಎಂದು ಕೂಗಾಡಿದ.

ಅನಂತರಾಜಯ್ಯನವರು ಕನ್ನಡಕ ಒರೆಸುತ್ತಾ ಹೇಳಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ. “ಇಂಥ ಆದೇಶ ಸುಮ್ಮನೆ ಬರಲ್ಲ. ಎಲ್ಲೋ ಒಂದು ಕಡೆ ವಿಮಾನ ತುಂಬ ಜನ ಜೀವ ಕೈಲಿ ಹಿಡಿದುಕೊಂಡ ಮೇಲೆ ಬರ್ತದೆ. ಅವರು ಹೆದರಿದ್ದು ದಂಡ ಆಗಬಾರದು.”

ಹೊಸ ಕೊಂಡಿ ಹಾಕಿದವನು ಫಿಟ್ಟರ್ ರಂಗಸ್ವಾಮಿ. ಅರಕಲಗೂಡಿನವನು, ನಮಗಿಂತ ಚಿಕ್ಕವನು, ಬಾಯಿ ಜೋರು, ಕೆಲಸ ಅದಕ್ಕಿಂತ ಜೋರು. ಅವನು ಬೋಲ್ಟು ಬಿಗಿಮಾಡಿದ, ಅನಂತರಾಜಯ್ಯನವರು ಕನ್ನಡಿ ಹಿಡಿದು ಪರೀಕ್ಷಿಸಿ ಸಹಿ ಹಾಕಿದರು. ನಾವು ಮೂವರೂ ಆಲೂಗಡ್ಡೆ ಬೆಳೆಯುವ ಹಾಸನದ ಕಡೆಯವರೆಂದು ಷೆಡ್ಡಿನಲ್ಲಿ “ಆಲೂಗಡ್ಡೆ ಪಾರ್ಟಿ” ಎಂದು ಕರೆಯುತ್ತಿದ್ದರು.

ಸಹಿ ಬಿದ್ದ ಆ ಮಧ್ಯಾಹ್ನ ಜಿಟಿಜಿಟಿ ಮಳೆ. ವಿಮಾನವನ್ನು ಹೊರಗೆ ಎಳೆಯುವುದು ನನ್ನ ಪಾಳಿ. ಮೂತಿಚಕ್ರದ ಕಾಲಿನ ಮೇಲೆ ಎರಡೂ ಕಡೆ ಕೆಂಪು ಗೆರೆ ಬಳಿದಿರುತ್ತಾರೆ. ಎಳೆಯುವಾಗ ಚಕ್ರ ಆ ಗೆರೆ ಮೀರಿ ತಿರುಗಬಾರದು. ಮೀರಿದರೆ ಎಳೆದವನು ತಕ್ಷಣ ಹೇಳಬೇಕು, ಮತ್ತೆ ಎಲ್ಲ ಬಿಚ್ಚಿ ನೋಡಬೇಕು. ಷೆಡ್ಡಿನ ಬಾಗಿಲ ಹತ್ತಿರ ಯಾರೋ ಏಣಿ ನಿಲ್ಲಿಸಿದ್ದರು. ಇಳಿದು ಅದನ್ನು ಸರಿಸುವ ಬದಲು ನಾನು ಟ್ರ್ಯಾಕ್ಟರನ್ನು ಒಂದೇ ಸಲಕ್ಕೆ ರಪ್ಪನೆ ತಿರುಗಿಸಿದೆ. ಹಿಂದೆ ಟಕ್ ಎಂದಿತು. ತಿರುಗಿ ನೋಡಿದೆ. ಗೆರೆ ದಾಟಿತ್ತು. ಸುತ್ತ ಯಾರೂ ಇರಲಿಲ್ಲ. ಅದಕ್ಕೆ ಸ್ವಲ್ಪ ಮುಂಚೆ ರೆಕ್ಕೆಯ ತುದಿ ತಗುಲಿಸಿ ನನಗೆ ಒಂದು ಎಚ್ಚರಿಕೆ ಆಗಿತ್ತು. ಇನ್ನೊಂದಾದರೆ ಕೆಲಸ ಹೋಗುತ್ತದೆಂದು ಗೊತ್ತಿತ್ತು. ಚಕ್ರ ನೇರ ಮಾಡಿ, ವಿಮಾನ ನಿಲ್ಲಿಸಿ, ಟೀ ಕುಡಿಯಲು ಹೋದೆ.

ಮರುದಿನ ಬೆಳಿಗ್ಗೆ ಆ ವಿಮಾನ ಪ್ರಯಾಣಿಕರನ್ನು ತುಂಬಿಕೊಂಡು ನೆಲದ ಮೇಲೆ ಓಡುತ್ತಿರುವಾಗಲೇ ಒಂದು ಕಡೆಗೆ ಎಳೆದುಕೊಂಡು ಹೋಗಿ ಹುಲ್ಲಿನಲ್ಲಿ ನಿಂತಿತು. ದೇವರು ದೊಡ್ಡವನು, ಯಾರಿಗೂ ಏನೂ ಆಗಲಿಲ್ಲ. ಇನ್ನಷ್ಟು ವೇಗ ಹೆಚ್ಚಿದ್ದರೆ ಎಂದು ನೆನೆದು ನಾನು ಎಷ್ಟೋ ವರ್ಷ ಬೆವತಿದ್ದೇನೆ.

ಬಿಚ್ಚಿ ನೋಡಿದರೆ ಹೊಸ ಕೊಂಡಿ ಬಾಗಿತ್ತು. ವಿಚಾರಣೆಗೆ ಬಂದ ಅಧಿಕಾರಿ ನನ್ನನ್ನು ಕರೆದು ಕೇಳಿದ. “ಎಳೆಯುವಾಗ ಗೆರೆ ದಾಟಿಸಿದೆಯಾ?”

“ಇಲ್ಲ ಸಾ.”

“ನಿಜ ಹೇಳು.”

ನಾನು ಬಾಯಿ ತೆರೆಯುವ ಮೊದಲೇ ಅನಂತರಾಜಯ್ಯನವರು ಮಧ್ಯೆ ಬಂದರು. “ಜವರಪ್ಪ ನಮ್ಮ ಕಡೆಯೋನು ಸಾರ್. ಆಗಿದ್ದರೆ ಹೇಳಿರ್ತಿದ್ದ.”

ಅಲ್ಲಿಗೆ ನನ್ನ ಪಾಲಿನ ವಿಚಾರಣೆ ಮುಗಿಯಿತು. ಎಳೆದವನದು ತಪ್ಪಿಲ್ಲವಾದರೆ ಹಾಕಿದವರದು ತಪ್ಪಿರಬೇಕು. ಅನಂತರಾಜಯ್ಯನವರು ಒಂದೂ ವಾದ ಮಾಡದೆ ಬರೆದುಕೊಟ್ಟರು: “ರಂಗಸ್ವಾಮಿ ಬಿಗಿ ಮಾಡಿದ, ನಾನು ಪರೀಕ್ಷಿಸಿದೆ, ಬೇರೆ ಕಾರಣ ಕಾಣದ್ದರಿಂದ ದೋಷ ನಮ್ಮಿಬ್ಬರ ಕೈಯಲ್ಲೇ ಆಗಿರಬೇಕು.” ಅವರ ಸಹಿಯ ಅಧಿಕಾರವನ್ನು ಕಿತ್ತುಕೊಂಡರು. ರಂಗಸ್ವಾಮಿಯನ್ನು ಕೆಲಸದಿಂದಲೇ ತೆಗೆದರು. ಅವನು ಗೇಟಿನ ಹತ್ತಿರ ನಿಂತು, “ನನ್ ಬೋಲ್ಟ್ ಸರಿಯಾಗಿತ್ತು ಕಣ್ರಯ್ಯಾ! ಬೇಕಾದ್ರೆ ನನ್ ಕತ್ತ್ ಕುಯ್ರಿ!” ಎಂದು ಕೂಗಿದ್ದನ್ನು ನಾನು ಟ್ರ್ಯಾಕ್ಟರಿನ ಮೇಲೆ ಕೂತು ಕೇಳಿಸಿಕೊಂಡೆ.

ಜೈನರಲ್ಲಿ ಒಂದು ಪದ್ಧತಿಯಿದೆ. ಭಾದ್ರಪದದ ಪರ್ವ ಮುಗಿದ ಮೇಲೆ ಒಂದು ದಿನ ಕಂಡವರೆಲ್ಲರ ಬಳಿ ಕ್ಷಮೆ ಕೇಳುತ್ತಾರೆ. ಅನಂತರಾಜಯ್ಯನವರು ಆ ದಿನ ಷೆಡ್ಡಿನ ಕಸ ಗುಡಿಸುವವರಿಂದ ಹಿಡಿದು ಎಲ್ಲರ ಮುಂದೂ ಕೈ ಮುಗಿದು ನಿಲ್ಲುತ್ತಿದ್ದರು. ಆ ವರ್ಷ ನನ್ನ ಮುಂದೆಯೂ ನಿಂತರು. “ಗೊತ್ತಿದ್ದೋ ಗೊತ್ತಿಲ್ಲದೆಯೋ ನೋವು ಮಾಡಿದ್ದರೆ ಕ್ಷಮಿಸಬೇಕು ಜವರಪ್ಪ. ನಮ್ಮ ಕೈತಪ್ಪಿಗೆ ನೀನೂ ಅಧಿಕಾರಿ ಮುಂದೆ ನಿಲ್ಲಬೇಕಾಯ್ತು.” ನಾನು “ಬುಡಿ ಸಾ, ಎಂಥ ಮಾತು” ಎಂದೆ. ಅವರು ನಿವೃತ್ತಿಯಾಗಿ ಊರಿಗೆ ಬಂದ ಮೇಲೂ, ನಾನು ಶಾಂತಿಗ್ರಾಮಕ್ಕೆ ಬಂದ ಮೇಲೂ ವರ್ಷವರ್ಷ ಆ ದಿನ ಫೋನ್ ಮಾಡುತ್ತಿದ್ದರು. ನಾನು ವರ್ಷವರ್ಷ “ಬುಡಿ ಸಾ” ಎನ್ನುತ್ತಿದ್ದೆ.

ಹೋದ ವರ್ಷ ಮಳೆಗಾಲದಲ್ಲಿ ಅವರಿಗೆ ಆರೋಗ್ಯ ಸರಿಯಿಲ್ಲವೆಂದು ನೋಡಲು ಹೋದೆ. ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದರು. ಅಡುಗೆಮನೆಯಲ್ಲಿ ಅವರ ಹೆಂಡತಿ ಪದ್ಮಮ್ಮನವರು ಕುಕ್ಕರಿನ ಹಿಡಿಕೆ ಅಲ್ಲಾಡುತ್ತದೆಂದು ಬಟ್ಟೆ ಸುತ್ತಿ ಹಿಡಿದು ಇಳಿಸುತ್ತಿದ್ದರು. ನನ್ನನ್ನು ನೋಡಿ, “ನೀವಾದ್ರೂ ಹೇಳಿ ಜವರಪ್ಪನೋರೇ. ಒಂದು ಸ್ಕ್ರೂ. ವಿಮಾನಗಳನ್ನೇ ಸರಿ ಮಾಡಿದೋರು. ‘ನಾನು ಬಿಗಿ ಮಾಡಿದ್ದು ಬಿಟ್ಟುಹೋಗಿ ನಿನ್ನ ಮೈ ಸುಟ್ಟರೆ?’ ಅಂತಾರೆ. ಊರಿಗೆ ಬಂದಾಗಿಂದ ಇವರು ಒಂದು ಮೊಳೆ ಹೊಡೆದಿಲ್ಲ” ಎಂದರು. ಅನಂತರಾಜಯ್ಯನವರು ನಕ್ಕು ತಮ್ಮ ಅಂಗೈಗಳನ್ನು ನೋಡಿಕೊಂಡರು.

ನನಗೆ ಅಲ್ಲಿ ಕೂರಲು ಆಗಲಿಲ್ಲ, ಏಳಲೂ ಆಗಲಿಲ್ಲ.

“ಸಾ, ಗೆರೆ ದಾಟ್ಸಿದ್ದೆ.”

“ಯಾವ ಗೆರೆ?”

“ಆವತ್ತು. ಮಳೇಲಿ. ಏಣಿ ಅಡ್ಡ ಇತ್ತು. ಟಕ್ ಅಂತು. ನಾನೇ ಸಾ.”

ಅವರು ದಿಂಬು ಬಿಟ್ಟು ನೆಟ್ಟಗೆ ಕೂತರು. ಬಯ್ಯುತ್ತಾರೆ, ಇಲ್ಲ ಅಳುತ್ತಾರೆ ಎಂದುಕೊಂಡಿದ್ದೆ. “ಎಡಕ್ಕೋ ಬಲಕ್ಕೋ?” ಎಂದು ಕೇಳಿದರು.

“ಬಲಕ್ಕೆ ಸಾ.”

“ಎಷ್ಟು? ಕೈಯಲ್ಲಿ ತೋರಿಸು.” ತೋರಿಸಿದೆ. ಅವರ ತುಟಿ ಏನೋ ಲೆಕ್ಕ ಹಾಕಿತು. “ಕೊಂಡಿ ಬಾಗಿದ್ದೂ ಬಲಕ್ಕೇ... ಪದ್ಮಾ! ಬಾ ಇಲ್ಲಿ! ಬೋಲ್ಟು ಸರಿಯಾಗಿ ಕೂತಿತ್ತಂತೆ ಕಣೇ! ನಾವು ಹಾಕಿದ್ದು ಸರಿಯಾಗೇ ಇತ್ತಂತೆ!”

ಆ ಮುಖದ ಮೇಲಿನ ಬೆಳಕು ನೋಡಿ ನಾನು ಅತ್ತೆ. ಅವರು ಬಾಗಿ ನನ್ನ ಮೊಣಕಾಲು ಹಿಡಿದು, ಇದ್ದಕ್ಕಿದ್ದಂತೆ ಗಂಭೀರರಾದರು.

“ಆ ವಿಮಾನ ಯಾವತ್ತೋ ಗುಜರಿಗೆ ಹೋಯ್ತು, ಅದರ ಯೋಚನೆ ಬೇಡ. ರಂಗಸ್ವಾಮಿಗೆ ಹೇಳಿದೆಯಾ?”

“ಇಲ್ಲ ಸಾ.”

“ಮತ್ತೆ ನನ್ನ ಮುಂದೆ ಕೂತು ಅತ್ತರೆ ಏನು ಬಂತು? ನಾನು ಪಿಂಚಣಿ ತಗೊಂಡು ಬಂದೆ. ಅವನು ಏನು ತಗೊಂಡು ಹೋದ? ಅವನ ಮೇಲೆ ಬರೆದುಕೊಟ್ಟೋನು ನಾನು. ನಡಿ, ಹೋಗೋಣ.”

ಪದ್ಮಮ್ಮನವರು ಎಷ್ಟು ಬೇಡವೆಂದರೂ ಕೇಳಲಿಲ್ಲ. ಅವರನ್ನು ಬಸ್ಸಿನ ಕಿಟಕಿಯ ಪಕ್ಕ ಕೂರಿಸಿದೆ. ಹೊಳೆನರಸೀಪುರದಲ್ಲಿ ಇಳಿದು ಅರಕಲಗೂಡಿನ ಬಸ್ ಹಿಡಿದೆವು. ದಾರಿಯುದ್ದಕ್ಕೂ ಒಂದೇ ಒಂದು ಮಾತಾಡಿದರು. “ನಾನೂ ತಪ್ಪು ಮಾಡಿದೆ. ಕಾರಣ ಕಾಣಲಿಲ್ಲ ಅಂದರೆ ಕಾಣಲಿಲ್ಲ ಅಂತ ಬರೀಬೇಕಿತ್ತು.”

ರಂಗಸ್ವಾಮಿ ಶುಂಠಿ ಹೊಲದ ಬದುವಿನಲ್ಲಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಅನಂತರಾಜಯ್ಯನವರನ್ನು ಕಂಡು ಓಡಿ ಬಂದ. ಅವರು ಮಣ್ಣು ಮೆತ್ತಿದ ಅವನ ಎರಡೂ ಕೈಗಳನ್ನು ಹಿಡಿದುಕೊಂಡು, “ನಿನ್ನ ಕೈ ಸರಿಯಾಗಿತ್ತು ಕಣಯ್ಯ” ಎಂದರು. ಉಳಿದದ್ದನ್ನು ನಾನು ಹೇಳಿದೆ. ತಲೆ ಎತ್ತದೆ ಹೇಳಿದೆ.

ರಂಗಸ್ವಾಮಿ ನನ್ನ ಕಡೆ ನೋಡಲಿಲ್ಲ. ಅವರಿಗೇ ಹೇಳಿದ. “ಸರಿಯಾಗಿತ್ತು ಅಂತ ನಂಗೊತ್ತಿತ್ತು ಸಾ. ನಿಮ್ಗೇ ಗೊತ್ತಿಲ್ವಲ್ಲಾ ಅಂತ ಕಣ್ ಸಾ ನಾ ಸಂಕ್ಟ ಪಟ್ಟಿದ್ದು.”

ಅವನ ಮನೆಯ ಜಗಲಿಯ ಮೇಲೆ ಕೂತೆವು. ರಂಗಸ್ವಾಮಿ ಹೊತ್ತು ನೋಡಿ ಒಳಗೆ ಹೋಗಿ, “ಬೇಗ ಬಡ್ಸಮ್ಮಿ, ಒತ್ ಮುಳುಗುದ್ರೆ ಸಾ ಉಣ್ಣಾಕಿಲ್ಲ” ಎಂದು ಹೆಂಡತಿಗೆ ಹೇಳಿದ್ದು ಕೇಳಿಸಿತು. ಇಷ್ಟು ವರ್ಷದ ಮೇಲೂ ಜೈನರ ಆ ನೇಮ ಅವನಿಗೆ ನೆನಪಿತ್ತು. ನನಗೂ ಎಲೆ ಹಾಕಿದರು. ಅವನು ನನಗೆ ಬಡಿಸಲಿಲ್ಲ, ಅವನ ಹೆಂಡತಿ ಬಡಿಸಿದಳು.

ಬಸ್ ನಿಲ್ದಾಣದ ತನಕ ಬಂದ. ಅನಂತರಾಜಯ್ಯನವರನ್ನು ಹತ್ತಿಸಿ ಕೂರಿಸಿ ಬಂದು, ಆಗ ಮೊದಲ ಸಲ ನನ್ನ ಮುಖ ನೋಡಿದ.

“ಜವರಪ್ಪ, ಇನ್ನೊಂದ್ಸಲ ಬಾ. ಒಬ್ನೇ ಬಾ. ನಿಂಗೆ ಬಯ್ಯಾದೈತೆ. ಸಾ ಮುಂದೆ ನನ್ ಬಾಯಿಗೆ ಬರಾಕಿಲ್ಲ.”

ನಾನು ಬರುತ್ತೇನೆ ಎಂದೆ. ಹೋಗಲಿಲ್ಲ. ಅನಂತರಾಜಯ್ಯನವರು ಎರಡು ಸಲ ಫೋನಿನಲ್ಲಿ ಕೇಳಿದರು, “ಹೋಗಿದ್ದೆಯಾ?” ಎಂದು. ಮಂಡಿ ನೋವು ಸಾ ಎಂದೆ. ಚಳಿಗಾಲ ಕಳೆಯುವ ಮೊದಲೇ ಅವರು ತೀರಿಕೊಂಡರು. ನಿದ್ದೆಯಲ್ಲೇ ಹೋದರು ಎಂದು ಪದ್ಮಮ್ಮನವರು ಹೇಳಿದರು.

ಕಾರ್ಯಗಳೆಲ್ಲ ಮುಗಿದ ಮೇಲೆ ನಾನು ಫೋನ್ ಮಾಡಿ ತಿಳಿಸಿ ಅರಕಲಗೂಡಿಗೆ ಹೊರಟೆ. ರಂಗಸ್ವಾಮಿ ಬೈಕ್ ತಂದು ನಿಲ್ದಾಣದಲ್ಲಿ ಕಾಯುತ್ತಿದ್ದ. ಸುದ್ದಿ ಅವನಿಗೂ ತಲುಪಿತ್ತು. “ಕೂತ್ಕ” ಎಂದ, ಅಷ್ಟೇ. ಊರು ದಾಟುತ್ತಲೇ ಶುರು ಮಾಡಿದ. ನನ್ನನ್ನು, ನನ್ನ ಟ್ರ್ಯಾಕ್ಟರನ್ನು, ನಾನು ಕುಡಿದ ಆ ಟೀಯನ್ನು, ಗೇಟಿನಲ್ಲಿ ಅವನು ಕೂಗುವಾಗ ಮೇಲೆ ಕೂತು ನೋಡಿದ ನನ್ನ ಕಣ್ಣುಗಳನ್ನು, ಒಂದನ್ನೂ ಬಿಡದೆ ಬೈದ. ಗಾಳಿಯಲ್ಲಿ ಅರ್ಧ ಮಾತು ಹಾರಿಹೋಗುತ್ತಿತ್ತು. ಕೇಳಿಸಲೆಂದು ನಾನು ಮುಂದಕ್ಕೆ ಬಾಗಿ ಅವನ ಹೆಗಲ ಹತ್ತಿರ ಕಿವಿ ಇಟ್ಟೆ. ಅವನ ಮನೆ ಬಂತು. ಜಗಲಿಯ ಮೇಲೆ ಅವನ ಹೆಂಡತಿ ಎದ್ದು ನಿಂತಳು. ಬೈಗುಳ ಇನ್ನೂ ಮುಗಿದಿರಲಿಲ್ಲ. ಅವನು ಬೈಕ್ ನಿಲ್ಲಿಸದೆ ಮುಂದಕ್ಕೆ ಹೊಡೆದ.